ಏಳು ಕಡತ, ಮತ್ತೊಂದು

ಕಲ್ದವೀಕಿನ ಹಿಮಪಾತ ಕಚೇರಿಯಲ್ಲಿ
ಸ್ಟೇನ್ವೋರ್ ಒಂದು ಅಂಕೆ ತಿದ್ದುತ್ತಾಳೆ,
ಕಂಪೈಲಿಗೆ ಕೊಡುತ್ತಾಳೆ,
ಉಣ್ಣೆಯ ಕಾಲುಚೀಲ ಕೈಗೆತ್ತಿಕೊಳ್ಳುತ್ತಾಳೆ.
ನಲವತ್ತೊಂದು ನಿಮಿಷ.
ಅಷ್ಟರಲ್ಲಿ ಹಿಮ್ಮಡಿ ತಿರುಗುತ್ತದೆ,
ಕಾಫಿ ಎರಡು ಸಲ ಆರುತ್ತದೆ,
ಗಾಳಿ ಬೆಟ್ಟದ ನೆತ್ತಿಯಲ್ಲಿ
ತನಗೆ ತೋಚಿದಷ್ಟು ಹಿಮ ಪೇರಿಸುತ್ತದೆ.
ಗಾಳಿಗೆ ಕಂಪೈಲರ್ ಬೇಡ.

ತಿದ್ದಿದ್ದು ಒಂದು ಸಾಲು.
ಬೇಯುವುದು ಮುನ್ನೂರ ಹನ್ನೆರಡು ಕಡತ,
ಎಲ್ಲವೂ ಸಿ ಭಾಷೆಯಲ್ಲಿ ಥೋರ್ಗ್ರಿಮುರ್ ಬರೆದದ್ದು,
ಇವಳಿನ್ನೂ ಹಾಲುಹಲ್ಲು ಉದುರಿಸುತ್ತಿದ್ದ ಕಾಲಕ್ಕೆ.
ಅವನು ಹೋಗಿ ಆರು ಚಳಿಗಾಲ.
ಅವನ ಗುಣಾಕಾರ ಬದಲಾಗಿಲ್ಲ,
ಇಳಿಜಾರಿನ ಕೋನಗಳೂ ಅವೇ.
ಆದರೂ ಪ್ರತಿ ಸಲ ಯಂತ್ರ
ಸತ್ತವನನ್ನು ಎಬ್ಬಿಸಿ ಕೂರಿಸಿ
"ಮೊದಲಿಂದ ಹೇಳು" ಅನ್ನುತ್ತದೆ.
ಅವನು ಹೇಳುತ್ತಾನೆ, ಪಾಪ, ಅಕ್ಷರ ಬಿಡದೆ.

ರುಬ್ಬಿದ್ದನ್ನೇ ರುಬ್ಬುವ ಕೆಲಸ.
ಆಕೆಗೂ ಅದು ಹಿತವೇ ಆಗಿತ್ತು, ಸುಳ್ಳು ಯಾಕೆ.
ಕಚೇರಿಯ ನಾಲ್ವರ ಪಾದವೂ ಬೆಚ್ಚಗಿದ್ದವು.

ಮಂಗಳವಾರ ಗಾಳಿ ಈಶಾನ್ಯಕ್ಕೆ ತಿರುಗಿತು.
ಶಾಲೆಯಿಂದ ಫೋನು:
ಮಕ್ಕಳನ್ನು ಮನೆಗೆ ಬಿಡೋಣವೋ, ಇಟ್ಟುಕೊಳ್ಳೋಣವೋ?
"ನಲವತ್ತೊಂದು ನಿಮಿಷ" ಎಂದಳು.
ಆ ಕಡೆ ಮೌನ.
ಮೌನದೊಳಗೆ ಯಾವುದೋ ಮಗು ಕೆಮ್ಮಿತು.

ಅಂದು ಹಿಮ ಇಳಿಯಲಿಲ್ಲ. ಬೆಟ್ಟದ ದಾಕ್ಷಿಣ್ಯ.
ರಾತ್ರಿ ಆಕೆ ಹೆಣಿಗೆ ಬದಿಗಿಟ್ಟು
ಕಡತ ಬಿಚ್ಚಿ ಕೂತಳು.

ಹನ್ನೆರಡು ಸಾಲಿನ ಒಂದು ಲೆಕ್ಕ,
ಅದರ ತಲೆಯ ಮೇಲೆ ಹತ್ತೊಂಬತ್ತು ಹೆಡರು,
ಹೆಡರಿನೊಳಗೆ ಹೆಡರು,
ಬಿಚ್ಚಿ ಹರವಿದರೆ ನಲವತ್ತು ಸಾವಿರ ಸಾಲು.
ಮೂಗಿಗಿಂತ ಮೂಗುತಿ ಭಾರ.
ಬೇಕಿದ್ದದ್ದು ಒಂದೇ ಮಾತು:
ಇಂಥ ಹೆಸರಿನವನು ಒಬ್ಬನಿದ್ದಾನೆ,
ಎರಡು ಅಂಕೆ ಕೊಟ್ಟರೆ
ಒಂದು ಅಂಕೆ ತಿರುಗಿ ಕೊಡುತ್ತಾನೆ.
ಅವನ ವಂಶಾವಳಿ ಕಟ್ಟಿಕೊಂಡು
ಕೂಲಿ ಕೊಡುವವಳಿಗೆ ಆಗಬೇಕಾದ್ದೇನು?

ಹದಿನೆಂಟು ಹೆಡರು ಕಿತ್ತಳು.
ಮುನ್ನೂರ ಹನ್ನೆರಡನ್ನೂ ಕೊನೆಯ ಸಲ ಬೇಯಿಸಿ
ಒಂದೇ ಕಟ್ಟಿನಲ್ಲಿ ಬಿಗಿದಿಟ್ಟಳು,
ಬಂದರಿನ ಚಪ್ಪರದಲ್ಲಿ ಒಮ್ಮೆ ಒಣಗಿಸಿದ ಮೀನನ್ನು
ವರ್ಷವಿಡೀ ಮುರಿದು ತಿನ್ನುವಂತೆ.
ಅಂಕೆ ತಿದ್ದಿದಳು, ಒತ್ತಿದಳು.
ಹನ್ನೊಂದು ಸೆಕೆಂಡು.
ಎಲ್ಲೋ ತಪ್ಪಿದೆ ಅಂದುಕೊಂಡಳು.
ಮತ್ತೆ ತಿದ್ದಿ ಮತ್ತೆ ಒತ್ತಿದಳು.
ಹನ್ನೊಂದೇ.
ಸೂಜಿಗೆ ಕೈ ಚಾಚಿದ್ದು ಹಾಗೇ ಗಾಳಿಯಲ್ಲಿ ನಿಂತಿತ್ತು.

ಲಿಂಕರು ಜಿಪುಣ,
ಹೆಸರು ಹಿಡಿದು ಕರೆದವರನ್ನಷ್ಟೇ ಒಳಗೆ ಬಿಡುತ್ತದೆ.
ಆ ಕಟ್ಟಿನಿಂದ ಎದ್ದು ಬಂದದ್ದು ಏಳು.
ಉಳಿದ ಮುನ್ನೂರ ಐದು
ಇಷ್ಟು ವರ್ಷ ಯಾರೂ ಕರೆಯದೆ
ದಿನಕ್ಕೆ ಹತ್ತು ಸಲ ಬೇಯುತ್ತಿದ್ದವು.
ಪಟ್ಟಿ ಓದುತ್ತ ಹೋದಳು:
ಹಳೆಯ ಹಿಮಮಾಪಕದ ತಿದ್ದುಪಡಿ,
ಈಗಿಲ್ಲದ ಪ್ರಿಂಟರಿನ ಅಂಚು,
ಉಬ್ಬರದ ಹೊತ್ತು, ಅಡಿಯಿಂದ ಮೀಟರು,
ಗುಡ್ನಿ.

ಗುಡ್ನಿ ಅವನ ಹೆಂಡತಿ.
ಕಮೆಂಟಿನಲ್ಲಿ ಎರಡು ಸಾಲು:
ನಮ್ಮ ಅಡುಗೆಮನೆ ಕಿಟಕಿಗೆ ಬಿಸಿಲು ಮರಳುವ ದಿನ.
ಪ್ಯಾನ್‌ಕೇಕಿಗೆ ಹಿಟ್ಟು ತರಲು ಮರೆಯಬೇಡ.

ಸ್ಟೇನ್ವೋರ್ ಆಚೀಚೆ ನೋಡಿದಳು.
ಕಚೇರಿಯಲ್ಲಿ ಯಾರಿದ್ದಾರೆ, ಆ ಹೊತ್ತಿಗೆ?
ಒಂದು ಸಾಲು ಸೇರಿಸಿ ಕರೆದಳು.
ಏಳಿದ್ದದ್ದು ಎಂಟಾಯಿತು.
ಪರದೆ ಹೇಳಿತು: ಜನವರಿ ಇಪ್ಪತ್ತೊಂಬತ್ತು,
ಮಧ್ಯಾಹ್ನ ಒಂದು ಐವತ್ತಕ್ಕೆ,
ನಾಲ್ಕು ನಿಮಿಷ.

ಆ ಕಿಟಕಿ ಈಗಿಲ್ಲ.
ಮನೆಯಿದ್ದಲ್ಲಿ ಹಿಮ ತಡೆಯುವ ಮಣ್ಣಿನ ಏರಿ,
ಅದರ ಎತ್ತರವೂ ಅವನದೇ ಲೆಕ್ಕ.
ಬಿಸಿಲು ಬಂದರೆ ಏರಿಯ ಮೇಲೆ ಬರುತ್ತದೆ,
ನಾಲ್ಕು ನಿಮಿಷ, ಮೋಡವಿಲ್ಲದಿದ್ದರೆ.

ಆ ಸಾಲನ್ನು ಆಕೆ ಅಳಿಸಲಿಲ್ಲ.
ಹಿಟ್ಟು ತಂದಳೋ ಇಲ್ಲವೋ, ಕೇಳಿದವರಿಲ್ಲ.
ಶಾಲೆಯವರಿಗೆ ಈಗ ಫೋನು ಕೆಳಗಿಡುವ ಮೊದಲೇ ಉತ್ತರ.
ಮೇಜಿನ ಖಾನೆಯಲ್ಲಿ ಒಂಟಿ ಕಾಲುಚೀಲ,
ಹಿಮ್ಮಡಿ ತಿರುಗುವ ಮೊದಲೇ ನಿಂತದ್ದು,
ಸೂಜಿ ಇನ್ನೂ ಅದರಲ್ಲೇ.